ಜೋಡುನಳಿಗೆಯ ಲೆಕ್ಕ

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನೂ ಕಾರ್ಬೆಟ್‌ನ ರುದ್ರಪ್ರಯಾಗವನ್ನೂ ಓದಿದವರಿಗೆ ಕೋವಿಯೆಂದರೆ ಕೋವಿ, ಅಷ್ಟೇ. ‘ಜೋಡುನಳಿಗೆ’ ಎಂಬ ನಮ್ಮ ಒಂದೇ ಪದ ಹಕ್ಕಿ ಹೊಡೆಯುವ ಚರೆಕೋವಿಗೂ ಆನೆ ಹೊಡೆಯುವ ರೈಫಲ್ಲಿಗೂ ಸಲ್ಲುತ್ತದೆ. ಆದರೆ ಎರಡನೆಯದರೊಳಗೆ ಒಂದು ಲೆಕ್ಕ ಅಡಗಿದೆ. ಶಿಕಾರಿ ಸಾಹಿತ್ಯವನ್ನು ಚರಿತ್ರೆಯ ಆಕರವಾಗಿ ಓದುವವರು ಅದನ್ನು ತಿಳಿದಿರಬೇಕು ಎಂಬುದು ನನ್ನ ವಾದ.

ಅಕ್ಕಪಕ್ಕ ಕೂಡಿಸಿದ ಎರಡು ನಳಿಗೆಗಳು ಸಮಾನಾಂತರವಾಗಿರುತ್ತವೆ ಎಂದೇ ನಾವು ಊಹಿಸುತ್ತೇವೆ. ಹಾಗಿರುವುದಿಲ್ಲ. ಬಲನಳಿಗೆ ಸಿಡಿದಾಗ ಕೋವಿ ಹಿಂದಕ್ಕೆ ಒದೆಯುವುದಷ್ಟೇ ಅಲ್ಲ, ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಮೇಲಕ್ಕೂ ಬಲಕ್ಕೂ ತಿರುಗತೊಡಗುತ್ತದೆ. ಎಡನಳಿಗೆಯದ್ದು ಎಡಕ್ಕೆ. ಅದಕ್ಕಾಗಿ ಬಾಯಿಯ ಕಡೆ ನಳಿಗೆಗಳನ್ನು ತುಸು ಒಳಕ್ಕೆ ಬಾಗಿಸಿ ಬೆಸುಗೆ ಹಾಕುತ್ತಾರೆ. ಎಷ್ಟು ಬಾಗಿಸಬೇಕೆಂದು ಸೂತ್ರ ಹೇಳುವುದಿಲ್ಲ. ಕುಶಲಕರ್ಮಿ ಗುರಿಹಲಗೆಗೆ ಹೊಡೆದು, ಬೆಸುಗೆ ಕರಗಿಸಿ, ನಡುವಿನ ಬೆಣೆ ಕದಲಿಸಿ, ಮತ್ತೆ ಹೊಡೆದು ನೋಡಬೇಕು. ಎರಡೂ ಗುಂಡುಗಳು ಒಂದೆಡೆ ಬೀಳುವವರೆಗೆ ಇದೇ ಕೆಲಸ. ಹೀಗೆ ಹದಗೊಂಡ ಕೋವಿ ಒಂದೇ ತೂಕದ ಗುಂಡಿಗೆ, ಒಂದೇ ವೇಗಕ್ಕೆ ಒಗ್ಗಿರುತ್ತದೆ. ಮದ್ದು ಸಪ್ಪೆಯಾದರೆ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ನಿಂತು ಎರಡು ಹೊಡೆತಗಳು ದೂರ ದೂರ ಬೀಳುತ್ತವೆ. ಮದ್ದು ಖಾರವಾದರೆ ಅವು ಒಂದನ್ನೊಂದು ದಾಟಿ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಹೋಗುತ್ತವೆ.

ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್‌ನ ಹದಿಮೂರು ವರ್ಷಗಳ ಅನುಭವಕಥನ 1878ರಲ್ಲಿ ಬಂತು. ಅವನ ಕಾಲದ ಆನೆಕೋವಿ 8 ಬೋರಿನ ಜೋಡುನಳಿಗೆ. ಅದರ ಆಹಾರ ಒಂದು ಹೊಡೆತಕ್ಕೆ 10–12 ಡ್ರಾಮ್ ಕಪ್ಪುಮದ್ದು, ಅಂದರೆ ಸುಮಾರು 18ರಿಂದ 21 ಗ್ರಾಂ. ಮದ್ದು ಅಳೆದು ತೋಟಾ ತುಂಬುವುದು ಆಗ ಬೇಟೆಗಾರನ ನಿತ್ಯದ ಕೆಲಸ. ಇಂದು ವಿಶೇಷ ವಿದ್ಯೆಯಂತೆ ಕಾಣುವ ಕೈತುಂಬು ತೋಟಾ ಆಗ ವಾಡಿಕೆಯದು.

ಮುಂದೆ ಕಾರ್ಡೈಟ್ ಬಂತು, ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಾರ್ಖಾನೆಯ ಸಿದ್ಧ ತೋಟಾ ಬಂತು. ಜೊತೆಗೆ ಹೊಸ ತಲೆನೋವೂ ಬಂತು. ಬಿಸಿ ಏರಿದಂತೆ ಕಾರ್ಡೈಟಿನ ಒತ್ತಡವೂ ಏರುತ್ತದೆ. ಇಂಗ್ಲೆಂಡಿನ ತಂಪಿನಲ್ಲಿ ಹದಗೊಂಡ ಕೋವಿಯನ್ನು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಹಿಡಿದರೆ ಏನಾದೀತೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಉಷ್ಣವಲಯಕ್ಕೆಂದೇ ಮದ್ದು ತಗ್ಗಿಸಿದ ತೋಟಾಗಳನ್ನು ಕಂಪನಿಗಳು ಮಾರಿದ್ದು ಇದಕ್ಕೇ.

ಹಳೆಯ ಕಪ್ಪುಮದ್ದಿನ ಕೋವಿಗಳನ್ನು ಎಸೆಯಲು ಯಾರಿಗೂ ಮನಸ್ಸಿರಲಿಲ್ಲ. ಅವುಗಳ ಹದಕ್ಕೆ ಹೊಂದುವಂತೆ ಕಾರ್ಡೈಟನ್ನು ಕಡಿಮೆ ತುಂಬಿದ ತೋಟಾಗಳೂ ಬಂದವು. ಚಂಪಾವತ್ ಹುಲಿಯ ಕಥೆಯಲ್ಲಿ ಕಾರ್ಬೆಟ್ ತನ್ನ .500 ರೈಫಲ್ಲಿಗೆ ‘ಮಾಡಿಫೈಡ್ ಕಾರ್ಡೈಟ್’ ಎಂಬ ವಿಶೇಷಣ ಸೇರಿಸುತ್ತಾನೆ. ಓದುಗರು ಹಾರಿಸಿಬಿಡುವ ಆ ಎರಡು ಪದಗಳು ಮದ್ದು ಬದಲಾದ ಕಾಲದ ಗುರುತು. ಆ ಹುಲಿ ಸತ್ತದ್ದು 1907ರಲ್ಲಿ. ಅದೇ ಹೊತ್ತಿಗೆ ಸರ್ಕಾರ, ಬಂಡುಕೋರರ ಕೈಯಲ್ಲಿದ್ದ ಮಾರ್ಟಿನಿ ಬಂದೂಕುಗಳಿಗೆ ದಕ್ಕದಿರಲೆಂದು .450 ಅಳತೆಯ ತೋಟಾಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿತು. .465, .470ರಂಥ ಅಳತೆಗಳು ಆ ಕಾನೂನಿನ ಮಕ್ಕಳು. ಬೇಟೆಯ ಉಪಕರಣವನ್ನು ರೂಪಿಸಿದ್ದು ಬರೀ ಬೇಟೆಯಲ್ಲ, ಬಂಡಾಯದ ಭಯವೂ ಹೌದು.

ಸ್ಯಾಂಡರ್ಸನ್‌ನ ಪುಸ್ತಕ ಬಂದ 1878ರಲ್ಲೇ ಲಿಟನ್‌ನ ಶಸ್ತ್ರ ಕಾಯ್ದೆಯೂ ಬಂತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ. ಕೊಡವರಿಗಷ್ಟೇ ನಮ್ಮಲ್ಲಿ ಬೇರೆ ನಿಯಮ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇಂದು ಕರಡಿಧಾಮವಿರುವ ಗುಡೇಕೋಟೆಯ ಬಂಡೆಗಳ ನಡುವೆ ಕರಡಿಗೆ ಎದುರಾಗುತ್ತಿದ್ದ ರೈತನಿಗೆ ನಳಿಗೆಗಳ ಹದದ ಚಿಂತೆ ಇರಲಿಲ್ಲ. ಅವನು ಒಂದು ನಳಿಗೆಗೇ ಅರ್ಜಿ ಹಾಕಬೇಕಿತ್ತು.

1960ರ ದಶಕದಲ್ಲಿ ಕೈನಾಕ್ ಈ ದೊಡ್ಡ ತೋಟಾಗಳ ತಯಾರಿಕೆ ನಿಲ್ಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿ ಬೇಟೆಗೇ ತೆರೆ ಎಳೆಯಿತು. ಆಫ್ರಿಕ, ಅಮೆರಿಕಗಳಲ್ಲಿ ಇಂಥ ಕೋವಿ ಉಳ್ಳವರು ಮತ್ತೆ ಕೈತುಂಬು ತೋಟಾಕ್ಕೆ ಮರಳಿದರು. ಮೂಲ ಮದ್ದು ಸಿಗದ್ದರಿಂದ ಹೊಸ ಮದ್ದಿನಿಂದ ಹಳೆಯ ವೇಗವನ್ನು ಹುಡುಕತೊಡಗಿದರು. ಅವರಿಗೆ ಮೊದಲ ಸುಳಿವು ಕೋವಿಯ ಮೈಮೇಲೇ ಇತ್ತು: ಎಷ್ಟೋ ಬ್ರಿಟಿಷ್ ಜೋಡುನಳಿಗೆಗಳ ತಳದಲ್ಲಿ ಮದ್ದಿನ ಪ್ರಮಾಣವನ್ನೂ ಗುಂಡಿನ ತೂಕವನ್ನೂ ಕೊರೆದಿರುತ್ತಾರೆ.