ಕಾಯುವ ಕೆಲಸ

ಮಾಗಳದ ಸುತ್ತಮುತ್ತ, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ಹಳ್ಳಿಗಳಲ್ಲಿ ‘ಕಾಯು’ ಎಂಬ ಮಾತಿಗೆ ಬಿಡುವೇ ಇಲ್ಲ. ಹುಡುಗ ಕುರಿ ಕಾಯಾಕ ಹೋಗ್ಯಾನ. ಅಜ್ಜ ರಾತ್ರಿ ಹೊಲ ಕಾಯಾಕ ಹೊಂಟಾನ. ತವರಿಗೆ ಹೋದ ಸೊಸೆಯ ಹಾದಿ ಕಾದು ಕಾದು ಅತ್ತಿಗೆ ಸಾಕಾಗೇತಿ. ಬಚ್ಚಲದಾಗ ನೀರು ಕಾದಾವು. ಎಲ್ಲರ ತಲೆ ಕಾಯಾಕ ಮೈಲಾರಲಿಂಗ ಅದಾನ.

ನಿಘಂಟು ಬರೆದವರು ಈ ಅರ್ಥಗಳನ್ನು ಬಿಡಿಸಿ ಬೇರೆ ಬೇರೆ ಇಡುತ್ತಾರೆ. ನೀರಿನ ಮಾತು ಬಿಡಿ. ರಕ್ಷಿಸುವುದು, ಬರವು ನೋಡುವುದು ಎಂಬೆರಡನ್ನು ಬಿಡಿಸಿಡಲು ನನಗೆ ಮನಸ್ಸಾಗದು. ಕುರಿ ಮೇಯಿಸುವವನ ಒಂದು ದಿನವನ್ನು ನೋಡಿದರೆ ಗೊತ್ತಾಗುತ್ತದೆ: ತೋಳ ಓಡಿಸುವ ಗಳಿಗೆ ಎಂದೋ ಒಮ್ಮೆ ಬರುವಂಥದ್ದು. ಉಳಿದ ಹೊತ್ತೆಲ್ಲ ಕುಂಟುವ ಕುರಿ ಬಂದು ಸೇರಲಿ, ಮರಿ ಹಾಕುವ ಕುರಿ ಮರಿ ಹಾಕಲಿ, ಹುಟ್ಟಿದ ಮರಿ ಎದ್ದು ನಿಲ್ಲಲಿ ಎಂದು ಕೋಲಿಗೆ ಗದ್ದ ಊರಿ ನಿಲ್ಲುವುದೇ ಅವನ ಕಾಯಕ.

ಕ್ರೈಸ್ತ ಸಭೆಗಳಲ್ಲಿ ಪಾಸ್ಟರ್ ಎನ್ನುತ್ತಾರಲ್ಲ, ಆ ಲ್ಯಾಟಿನ್ ಮಾತಿಗೂ ಕುರಿ ಕಾಯುವವನೆಂದೇ ಅರ್ಥ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ಅವರ ಜೊತೆಗಾರರೂ ದುಡಿದು ಮಾಡಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಯಿತು. ಅವರಲ್ಲೊಬ್ಬರಾದ ವಿಲಿಯಂ ರೀವ್ ಕನ್ನಡ ನಿಘಂಟನ್ನೂ ಕಟ್ಟಿದರು. ‘ಬಳ್ಳಾರಿ’ ಎಂಬ ಹೆಸರಿನದೇ ಒಂದು ಕುರಿತಳಿ ಇರುವ ಸೀಮೆ ಇದು. ಕುರಿ, ಹಟ್ಟಿ, ಮಂದೆ ಎಂಬ ಮಾತುಗಳಿಗಾಗಿ ಇಲ್ಲಿ ಯಾರೂ ದೂರ ಹೋಗಿ ಹುಡುಕಬೇಕಿರಲಿಲ್ಲ. ಹಳೆಯ ಸತ್ಯವೇದದಲ್ಲಿ ಯೇಸು ‘ಕುರುಬ’. ಈಚಿನ ಅನುವಾದದಲ್ಲಿ ‘ಕುರಿಗಾಹಿ’. ಆ ‘ಗಾಹಿ’ಯೊಳಗೂ ಇರುವುದು ನಮ್ಮ ‘ಕಾಯು’ವೇ. ಸಭೆಯ ಕಾಗದಪತ್ರಗಳಲ್ಲಿ ಬರೆಯುವ ‘ಸಭಾಪಾಲಕರು’ ಎಂಬುದು ಗೌರವದ ಮಾತು, ಇರಲಿ. ಆದರೆ ಅದರಲ್ಲಿ ಹಾದಿ ನೋಡುತ್ತ ನಿಲ್ಲುವವನ ಚಿತ್ರ ಕಾಣಿಸದು.

ಆ ನಿಲ್ಲುವಿಕೆಯೇ ಈ ಸೇವೆಯ ಜೀವ ಎಂಬುದು ನನ್ನ ನಂಬಿಕೆ. ಭಾನುವಾರದ ಪ್ರಸಂಗ ಎಲ್ಲರಿಗೂ ಕೇಳಿಸುತ್ತದೆ. ಬುಧವಾರ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ, ಒಳಗೆ ಹೆರಿಗೆಯೋ ಆಪರೇಷನ್ನೋ ನಡೆದಿರುವಾಗ, ಆ ಮನೆಯವರ ಪಕ್ಕ ಮಾತಿಲ್ಲದೆ ಕೂತ ಸಭಾಪಾಲಕರನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಸಾವಾದ ಮನೆಯಲ್ಲಿ ರಾತ್ರಿಯಿಡೀ ಹೆಣ ಕಾಯುವವರ ನಡುವೆ ಅವರೂ ಒಬ್ಬರು. ಕುಡಿದು ಮನೆ ಬಿಟ್ಟ ಮಗ ಎಂದಾದರೂ ಬಂದಾನು ಎಂದು ತಾಯಿಯ ಜೊತೆ ವರ್ಷಗಟ್ಟಲೆ ಹಾದಿ ಕಾಯುವವರೂ ಅವರೇ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋಗುವ ಕಥೆ ಇದೆ. ಅದೇ ಅಧ್ಯಾಯದ ಕೊನೆಗೆ ಮಗನ ಹಾದಿ ನೋಡುವ ತಂದೆಯೂ ಇದ್ದಾನೆ. ಕನ್ನಡದಲ್ಲಿ ಓದುವವರಿಗೆ ಎರಡೂ ಕಥೆ ಒಂದೇ ಕ್ರಿಯಾಪದದವು.

ಇನ್ನೊಂದು ಬಳಕೆ ಇದೆ: ಮಾನ ಕಾಯುವುದು. ಗಂಡ ಹೆಂಡಿರ ಜಗಳ, ಮಗಳ ಸಂಕಟ, ಸಾಲದ ಚಿಂತೆ ಎಲ್ಲವೂ ಸಭಾಪಾಲಕರ ಕಿವಿಗೆ ಬೀಳುತ್ತವೆ. ಅಲ್ಲಿ ಕೇಳಿದ್ದು ಪ್ರಸಂಗದ ಉದಾಹರಣೆಯಾಗಿ ಹೊರಬಿತ್ತೋ, ಆ ಮನೆಯವರು ಮತ್ತೆ ಅವರೆದುರು ಬಾಯಿ ಬಿಡುವುದಿಲ್ಲ. ಚಿಕ್ಕ ಊರಿನಲ್ಲಿ ಹೆಸರು ಹೇಳದಿದ್ದರೂ ಗುರುತು ಸಿಕ್ಕೇ ಸಿಗುತ್ತದೆ. ಹಳ್ಳಿಯ ಸಭೆಯಲ್ಲಿ ಮಾನ ಕಾಯುವುದಕ್ಕಿಂತ ದೊಡ್ಡ ಸೇವೆ ನನಗಂತೂ ಕಾಣದು.

ಕಾಯುವವನು ಒಡೆಯನಲ್ಲ ಎಂಬುದನ್ನು ಈ ಸೀಮೆಯ ಕುರಿಗಾರರಿಗೆ ಹೇಳಿಕೊಡಬೇಕಿಲ್ಲ. ಒಂದೇ ಮಂದೆಯಲ್ಲಿ ನಾಲ್ಕಾರು ಮನೆಯ ಕುರಿ ಇರುತ್ತವೆ, ಒಂದು ಕಳೆದರೂ ಜವಾಬು ಹೇಳಬೇಕು. ಸಭೆಯಲ್ಲಿ ಇದು ಮರೆತುಹೋದಾಗ ಮಾತು ಕೆಡುತ್ತದೆ. ಯಾರ ಮದುವೆಗೆ ಹೋಗಬೇಕು, ಯಾರ ಮನೆಯಲ್ಲಿ ಉಣ್ಣಬಾರದು, ಯಾರಿಗೆ ಓಟು ಹಾಕಬೇಕು ಎಂದು ಅಪ್ಪಣೆ ಕೊಡುವುದು ಕಾಯುವುದಲ್ಲ, ತರುಬುವುದು. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿಸುತ್ತಾರಲ್ಲ, ಆಗ ಲಾಭ ಹೊಲದವನಿಗೆ. ಕುರಿಯ ಕೊಬ್ಬು ತಿಂದು ಉಣ್ಣೆ ಹೊದೆಯುವ ಕುರುಬರ ಮೇಲೆ ಯೆಹೆಜ್ಕೇಲನ 34ನೇ ಅಧ್ಯಾಯದಲ್ಲಿ ಹರಿಯುವಷ್ಟು ಸಿಟ್ಟು ಬೈಬಲಿನಲ್ಲಿ ಬೇರೆ ಕಡೆ ವಿರಳ. ಸಭೆಯವರೂ ಕುರಿ ಎಂಬ ಮಾತಿನ ಹಿಂದೆ ಅಡಗಿಕೊಳ್ಳಬಾರದು. ನಿಸಾರ್ ಅಹಮದರ ಪ್ರಸಿದ್ಧ ಪದ್ಯದ ಕುರಿಗಳು ಕನ್ನಡಿಗರೆಲ್ಲರಿಗೂ ಗೊತ್ತು. ಲೆಕ್ಕ ಕೇಳುವ, ತಪ್ಪಾದಾಗ ಎದುರು ಕೂತು ಹೇಳುವ ಸಭೆಯೇ ತನ್ನ ಪಾಲಕರನ್ನು ಕಾಯುವ ಸಭೆ.

ಹೌದು, ಪಾಲಕರನ್ನೂ ಕಾಯಬೇಕು. ಹಲವು ಹಳ್ಳಿಗಳನ್ನು ಒಬ್ಬರೇ ನೋಡಿಕೊಳ್ಳುವ ಕಡೆ ಅವರು ಹೊತ್ತಿಗೆ ಬರಲಿಲ್ಲವೆಂದು ಜನ ಗೊಣಗುತ್ತಾರೆ. ಬಸ್ಸು ತಪ್ಪಿತೋ, ಹಿಂದಿನ ಊರಿನಲ್ಲಿ ಮಣ್ಣು ಕೊಡುವುದಿತ್ತೋ, ಕೇಳುವವರು ಕಡಿಮೆ. ಅವರ ಸಂಬಳ ತಡವಾದರೆ, ಅವರ ಹೆಂಡತಿಗೆ ಜ್ವರ ಬಂದರೆ, ವರ್ಗವಾಗಿ ಮಕ್ಕಳು ಮತ್ತೆ ಹೊಸ ಶಾಲೆ ಸೇರಬೇಕಾದರೆ, ಆ ಮನೆಯ ಹಾದಿ ನೋಡುವವರು ಯಾರು? ಈ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಮನೆಗೆ ಹೋಗಿ. ಪ್ರಾರ್ಥನೆ ಮಾಡಿಸಿಕೊಳ್ಳಲು ಬೇಡ, ಅವರ ಯೋಗಕ್ಷೇಮ ಕೇಳಲು ಹೋಗಿ. ಒಂದಿಷ್ಟು ಹೊತ್ತು ಕೂತು ಬನ್ನಿ.