ತೃಶ್ಶಿಲೇರಿಯಿಂದ ತಿರುಮಕೂಡಲಿನವರೆಗೆ: ಕಬಿನಿಯ ಮೀನುಗಳ ಒಂದು ಶತಮಾನ

ವಿದ್ಯಾಸಂಸ್ಥೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಬರೆಯುವವರಿಗೆ ಆಧಾರಗಳ ಕೊರತೆ ಅಷ್ಟಾಗಿ ಇರುವುದಿಲ್ಲ. ದಾಖಲಾತಿ ಪುಸ್ತಕಗಳಿವೆ, ಹಾಜರಿ ಪಟ್ಟಿಗಳಿವೆ, ಪರೀಕ್ಷಾಧಿಕಾರಿಗಳ ವರದಿಗಳಿವೆ. ಯಾವ ವರ್ಷ ಯಾವ ಮಗು ಶಾಲೆಗೆ ಸೇರಿತು, ಯಾವ ವರ್ಷ ಬಿಟ್ಟಿತು ಎಂಬುದನ್ನು ಅವು ಹೇಳುತ್ತವೆ. ಆದರೆ ಅದೇ ನೂರು ವರ್ಷಗಳ ಕಾಲ ಊರಿನ ಅಂಚಿನಲ್ಲಿ ಹರಿದ ಹೊಳೆಗೆ ಅಂತಹ ಪುಸ್ತಕವಿಲ್ಲ. ಅದರಲ್ಲಿ ಯಾವ ಮೀನು ಇತ್ತು, ಯಾವುದು ಹೊಸದಾಗಿ ಬಂದಿತು, ಯಾವುದು ಮರಳಿ ಬರಲಿಲ್ಲ ಎಂಬುದನ್ನು ಅಲ್ಲೊಂದು ಇಲ್ಲೊಂದು ಸಿಗುವ ಬರಹಗಳಿಂದಲೂ ಹಿರಿಯರ ನೆನಪಿನಿಂದಲೂ ಕೂಡಿಸಿಕೊಳ್ಳಬೇಕಾಗುತ್ತದೆ. ವಯನಾಡಿನ ತೃಶ್ಶಿಲೇರಿಯ ಗದ್ದೆಗಳ ನೀರು ಯಾವ ನದಿಯನ್ನು ಸೇರುತ್ತದೆಯೋ ಆ ಕಬಿನಿಯ ಮೀನುಗಳ ಚರಿತ್ರೆಯನ್ನು ಹಾಗೆ ಕೂಡಿಸಿಕೊಳ್ಳುವ ಒಂದು ಪ್ರಯತ್ನ ಈ ಲೇಖನ.

ತೃಶ್ಶಿಲೇರಿ ಮಾನಂದವಾಡಿ ತಾಲೂಕಿನ ಒಂದು ಗ್ರಾಮ. ಇಲ್ಲಿಯ ಶಿವಾಲಯಕ್ಕೂ ಬ್ರಹ್ಮಗಿರಿಯ ತಪ್ಪಲಿನ ತಿರುನೆಲ್ಲಿ ಕ್ಷೇತ್ರಕ್ಕೂ ಹಿಂದಿನಿಂದ ಬಂದ ಸಂಬಂಧವಿದೆ. ಬ್ರಹ್ಮಗಿರಿಯಿಂದ ಇಳಿಯುವ ಕಾಳಿಂದಿಯನ್ನು ತಿರುನೆಲ್ಲಿಯ ಬಳಿ ಪಾಪನಾಶಿನಿ ಕೂಡಿಕೊಳ್ಳುತ್ತದೆ. ಆ ನೀರು ಕಬಿನಿಯತ್ತ ಸಾಗುತ್ತದೆ. ಪನಮರಂ ಮತ್ತು ಮಾನಂದವಾಡಿ ಹೊಳೆಗಳ ಸಂಗಮದಿಂದ ರೂಪುಗೊಳ್ಳುವ ಕಬಿನಿಯು ಕೇರಳದ ಬಹುಪಾಲು ನದಿಗಳಂತೆ ಪಡುವಣ ಕಡಲಿಗೆ ಹೋಗದೆ ಮೂಡಣಕ್ಕೆ ತಿರುಗಿ, ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ನಂಜನಗೂಡಿನಲ್ಲಿ ಕಪಿಲೆಯೆಂಬ ಹೆಸರಿನಿಂದ ಪೂಜೆಗೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ರಾಜ್ಯಗಳ ಗಡಿ ಜನರನ್ನು ಎರಡು ಕಡೆ ಎಣಿಸುತ್ತದೆ. ಮೀನಿಗೆ ಆ ಗಡಿ ಗೊತ್ತಿಲ್ಲ. ಆದುದರಿಂದ ತೃಶ್ಶಿಲೇರಿಯ ತೋಡಿನಲ್ಲಿ ಆದ ಬದಲಾವಣೆಯನ್ನು ತಿಳಿಯಬೇಕಾದರೆ ನಂಜನಗೂಡಿನವರೆಗೂ, ಅದರಾಚೆಯ ಕಾವೇರಿಯವರೆಗೂ ನೋಡಬೇಕು.

ನಮ್ಮ ನಾಡಿನಲ್ಲಿ ಮೀನನ್ನು ಕುರಿತ ತಿಳಿವಳಿಕೆ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಕಡಲ ಮೀನು ಯಾವುದು, ನದಿಯ ಮೀನು ಯಾವುದು, ಯಾವುದಕ್ಕೆ ಯಾವ ಆಹಾರವನ್ನು ಒಡ್ಡಬೇಕು ಎಂಬ ವಿವರಗಳನ್ನು ಅದು ಕೊಡುತ್ತದೆ. ಅರಸನ ಗ್ರಂಥಕ್ಕಿಂತ ವಿಸ್ತಾರವಾದ ತಿಳಿವಳಿಕೆ ಹೊಳೆಯ ಬದಿಯ ಜನರ ನಾಲಿಗೆಯ ಮೇಲಿತ್ತು. ಕನ್ನಡದವರ ಗೆಂಡೆ, ಕೊರವ, ಹಾವುಮೀನುಗಳಿಗೂ ಮಲಯಾಳದವರ ಪರಲ್, ವರಾಲ್, ಮುಶಿಗಳಿಗೂ ಹಿಂದೆ ತಲೆಮಾರುಗಳ ನೋಟವಿದೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆಯಿಡಲು ಏರುವ ಮೀನನ್ನು ಮಲೆನಾಡಿನವರು ಹತ್ತುಮೀನು ಎಂದರು. ಕೇರಳದವರು ಆ ಏರಿಕೆಯನ್ನೇ ಊತ್ತ ಎಂದು ಕರೆದರು. ಬಯಲು ಗದ್ದೆ ಬತ್ತದ ಹೊಲ ಮಾತ್ರವಲ್ಲ, ಮೀನಿನ ಮರಿಗಳ ತೊಟ್ಟಿಲೂ ಹೌದು ಎಂಬ ಅರಿವು ಆ ಎರಡು ಮಾತುಗಳಲ್ಲಿಯೂ ಅಡಗಿದೆ.

ಪುಸ್ತಕದ ಮೀನುಶಾಸ್ತ್ರ ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ಕುರಿತು ಬರೆದರು. ಫ್ರಾನ್ಸಿಸ್ ಡೇ 1873ರಲ್ಲಿ ವಯನಾಡಿನ ವೈತಿರಿಯಿಂದ ದೊರೆತ ಒಂದು ಮೀನಿಗೆ ಈ ಜಿಲ್ಲೆಯ ಹೆಸರನ್ನೇ ಇಟ್ಟರು. ಇಂದು ಅದನ್ನು ನಿಯೋಲಿಸೋಕೈಲಸ್ ವೈನಾಡೆನ್ಸಿಸ್ ಎನ್ನುತ್ತಾರೆ. ಅದೇ ವರ್ಷ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟವಾಯಿತು. ಸಣ್ಣ ಕಣ್ಣಿನ ಬಲೆ, ಮರಿಗಳ ನಾಶ, ನೀರಿಗೆ ವಿಷ ಹಾಕುವ ಪದ್ಧತಿ ಇವುಗಳನ್ನು ಕುರಿತ ಆತಂಕ ಆಗಲೇ ಆರಂಭವಾಗಿತ್ತು. ಅದರ ಫಲವಾಗಿ ಬಂದ 1897ರ ಭಾರತೀಯ ಮೀನುಗಾರಿಕಾ ಕಾಯಿದೆ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ನಿಷೇಧಿಸಿತು.

ನದಿ ಆಗ ಎಷ್ಟು ಸಮೃದ್ಧವಾಗಿತ್ತೆಂಬುದಕ್ಕೆ ಒಂದು ಸಾಕ್ಷ್ಯ ಸಾಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಜೆ. ಡಿ ವೆಟ್ ವ್ಯಾನ್ ಇಂಗೆನ್ ಇದೇ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಹಿಡಿದರು. ಬೆಳೆದ ಮನುಷ್ಯನೊಬ್ಬನ ತೂಕಕ್ಕೆ ಹತ್ತಿರವಾದ ಮೀನು ಬೆಳೆಯಲು ಆಳವಾದ ಮಡುಗಳು, ತಂಪಾದ ಹರಿವು, ಮರಿ ಮಾಡಲು ಕಲ್ಲುಹಾಸಿನ ಮೇಲ್ದಂಡೆ ಎಲ್ಲವೂ ಬೇಕು. ಆಗ ಅವೆಲ್ಲ ಇದ್ದವು. ಆದರೆ ಆ ಮೀನಿನ ಸರಿಯಾದ ಹೆಸರು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಇಪ್ಪತ್ತನೆಯ ಶತಮಾನದಲ್ಲಿ ಹೊರಗಿನ ಮೀನುಗಳು ಒಂದೊಂದಾಗಿ ಬಂದವು. ಅವುಗಳನ್ನು ತಂದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಚರಿತ್ರೆಯನ್ನು ಬರೆಯುವವರು ಮರೆಯಬಾರದು. ಮಲೇರಿಯಾ ಮನೆಮನೆಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1908ರಲ್ಲಿ ಗಪ್ಪಿಯನ್ನೂ 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯವನ್ನೂ ತರಲಾಯಿತು. ಮಲೆನಾಡಿನ ತಂಪಾದ ಕೆರೆಗಳಲ್ಲಿ ಆಹಾರದ ಮೀನು ಬೆಳೆಯಲೆಂದು 1939ರಲ್ಲಿ ಸಿಂಹಳದಿಂದ ಸಾಮಾನ್ಯ ಗೆಂಡೆ ನೀಲಗಿರಿಗೆ ಬಂದಿತು. ಸ್ವಾತಂತ್ರ್ಯಾನಂತರ ಬಡವರಿಗೆ ಅಗ್ಗದ ಪೌಷ್ಟಿಕ ಆಹಾರ ದೊರೆಯಲೆಂದು 1952ರಲ್ಲಿ ತಿಲಾಪಿಯ ಬಂದಿತು. ನಮ್ಮ ಸಂತೆಗಳಲ್ಲಿ ಅದು ಜಿಲೇಬಿ ಮೀನು ಎನಿಸಿಕೊಂಡಿತು. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್‌ಗಳೂ ದಕ್ಷಿಣದ ಜಲಾಶಯಗಳನ್ನು ತುಂಬಿದವು. ಇವೆಲ್ಲವುಗಳಿಂದ ಅನೇಕ ಕುಟುಂಬಗಳಿಗೆ ಅನ್ನ ದೊರೆತಿದೆ ಎಂಬುದೂ ನಿಜ.

ಆದರೆ ನೀರಿಗೆ ಬಿಟ್ಟ ಜೀವವನ್ನು ಮರಳಿ ಹಿಡಿದು ತರುವ ಉಪಾಯ ಯಾರ ಬಳಿಯಲ್ಲಿಯೂ ಇಲ್ಲ. ತಿಲಾಪಿಯ ತನ್ನ ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ಬಾಯಿಯಲ್ಲಿಟ್ಟುಕೊಂಡು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ, ಕೊಳೆತ ನೀರಿನಲ್ಲಿಯೂ ಬದುಕುತ್ತದೆ. ಮುಂಗಾರಿನ ಹೊಸ ನೀರಿಗಾಗಿ ವರ್ಷವೆಲ್ಲ ಕಾಯುವ ನಮ್ಮ ಗೆಂಡೆಗಳು ಅದರೊಡನೆ ಹೇಗೆ ಸ್ಪರ್ಧಿಸಿಯಾವು? ಆಫ್ರಿಕದ ಕ್ಯಾಟ್‌ಫಿಶ್ ಇನ್ನೂ ಹೆಚ್ಚಿನ ಅಪಾಯವನ್ನು ತಂದಿತು. ಅದು ಕಳ್ಳದಾರಿಯಲ್ಲಿ ದೇಶಕ್ಕೆ ಬಂದು, ಕೋಳಿ ಅಂಗಡಿಗಳ ಕಸವನ್ನು ತಿಂದು ಹೊಂಡಗಳಲ್ಲಿ ಬೆಳೆಯಿತು. ಹೊಂಡ ತುಂಬಿ ಹರಿದಾಗ ಹೊಳೆಗಿಳಿದು ಕಂಡ ಮೀನನ್ನೆಲ್ಲ ನುಂಗಿತು. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿದರೂ ಗುಟ್ಟಾಗಿ ಸಾಕುವುದು ನಿಲ್ಲಲಿಲ್ಲ. 2018ರ ಆಗಸ್ಟ್ ತಿಂಗಳ ಮಹಾಪ್ರವಾಹದ ಬಳಿಕ ದಕ್ಷಿಣ ಅಮೆರಿಕದ ಅರಪೈಮದಂತಹ ಮೀನುಗಳೂ ಕೇರಳದ ಪಶ್ಚಿಮವಾಹಿನಿ ನದಿಗಳಲ್ಲಿ ಬಲೆಗೆ ಬಿದ್ದವು. ಸಾಕಿದ ಮೀನಿಗೂ ಹೊಳೆಗೂ ನಡುವೆ ಇರುವುದು ಒಂದು ಮಣ್ಣಿನ ಬದು ಮಾತ್ರ ಎಂಬುದನ್ನು ಆ ನೆರೆ ತೋರಿಸಿಕೊಟ್ಟಿತು.

ಹೊಸ ಮೀನುಗಳು ಗೆದ್ದದ್ದು ತಮ್ಮ ಬಲದಿಂದಷ್ಟೇ ಅಲ್ಲ. ಅವು ಬರುವ ಹೊತ್ತಿಗೆ ನದಿಯೂ ದುರ್ಬಲವಾಗುತ್ತಿತ್ತು. 1974ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ಣವಾಯಿತು. ಕೆಳಗಿನ ಸಾವಿರಾರು ಎಕರೆಗಳಿಗೆ ಅದು ನೀರು ಕೊಟ್ಟಿತು. ಮೊಟ್ಟೆಯಿಡಲು ಮೇಲೇರುವ ಮೀನಿಗೆ ಮಾತ್ರ ದಾರಿ ಮುಚ್ಚಿತು. ಮೇಲ್ದಂಡೆಯ ವಯನಾಡಿನಲ್ಲಿ ಬತ್ತದ ಬಯಲುಗಳು ಬಾಳೆ, ಅಡಕೆಗಳ ತೋಟಗಳಾದವು. ಬಯಲು ಬತ್ತಿದಾಗ ಹತ್ತುಮೀನಿಗೆ ಹತ್ತುವ ಜಾಗವಿಲ್ಲದಾಯಿತು. ತೋಟಕ್ಕೆ ಹಾಕಿದ ಕೀಟನಾಶಕ ಮಳೆಯ ನೀರಿನೊಡನೆ ತೋಡಿಗಿಳಿಯಿತು. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಗೇರುತೋಟಗಳ ಮೇಲೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಮನುಷ್ಯರಿಗೆ ಮಾಡಿದ ಕೇಡನ್ನು ಲೋಕವೇ ಬಲ್ಲದು, ಅದೇ ವಿಷ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು ಹೊಳೆ ಸೇರಿದರೆ ಅದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ವಿಷವಿಲ್ಲದೆಯೂ ಮೀನು ಉಸಿರುಗಟ್ಟಿ ಸಾಯುತ್ತದೆ. ಕೆಳದಂಡೆಯಲ್ಲಿ ನಂಜನಗೂಡಿನ ಬಳಿಯ ಕಬಿನಿಯ ಹರಿವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಸೇರಿತು. ಇಂತಹ ನೀರಿನಲ್ಲಿ ಮೊದಲು ಅಳಿಯುವುದು ಸೂಕ್ಷ್ಮವಾದ ನಾಡಮೀನು. ಉಳಿಯುವುದು ಕೊಳೆಯನ್ನೂ ಸಹಿಸುವ ತಿಲಾಪಿಯ ಮತ್ತು ಕ್ಯಾಟ್‌ಫಿಶ್.

ಈಗ ಮಹಶೀರ್ ಮೀನಿನ ಪ್ರಸಂಗಕ್ಕೆ ಮರಳಬಹುದು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಮಹಶೀರ್ ಇತ್ತು. ವ್ಯಾನ್ ಇಂಗೆನ್ ಕಾಲದ ಭಾರೀ ಮೀನುಗಳು ಆ ಜಾತಿಗೆ ಸೇರಿದವು. ಮಹಶೀರ್ ಕಡಮೆಯಾಗುತ್ತಿದೆ ಎಂದು ತಿಳಿದಾಗ ಅದನ್ನು ಉಳಿಸುವ ಸದುದ್ದೇಶದಿಂದ ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಅದು ಕೃಷ್ಣಾ ನದಿಯ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಕಡೆಯ ಹೊಳೆಗಳಿಂದ ಅದನ್ನು ವರ್ಣಿಸಿದ್ದರು. ಎರಡೂ ಮಹಶೀರ್‌ಗಳೇ ಎಂಬ ನೆಮ್ಮದಿಯಲ್ಲಿ ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸಲಿಲ್ಲ. ಮುಂದೆ ಕಾವೇರಿಯ ಗಾಳದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ ವಿಚಿತ್ರವಾದ ಚಿತ್ರ ಕಂಡುಬಂದಿತು. ದೊರೆತ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು; ಅದೇ ಅವಧಿಯಲ್ಲಿ ಕಾವೇರಿಯ ಸ್ವಂತ ಮಹಶೀರ್ ಕಣ್ಮರೆಯಾಗುತ್ತ ಬಂದಿತ್ತು. 2018ರಲ್ಲಿ ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು ನಿಶ್ಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ಅಳಿವಿನ ಅತ್ಯಂತ ಹತ್ತಿರದ ವರ್ಗಕ್ಕೆ ಸೇರಿಸಲಾಯಿತು. ಹೆಸರು ನಿಶ್ಚಯವಾದ ವರ್ಷವೇ ಅಳಿವಿನ ಎಚ್ಚರಿಕೆಯ ವರ್ಷವೂ ಆಯಿತು.

ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ ಎಂದು ತಲೆಯೆಣಿಸಿ ಬರೆದುಕೊಂಡೆವು. ಹೆಸರು ಹಿಡಿದು ಕೂಗಲಿಲ್ಲ. ಹಳೆಯ ಮಕ್ಕಳು ಒಬ್ಬೊಬ್ಬರಾಗಿ ಹೊರಟುಹೋದರು, ಬೇರೆಯವರು ಬಂದು ಕುಳಿತರು, ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು. ಕಬಿನಿಯ ಚರಿತ್ರೆಯಿಂದ ಕಲಿಯಬೇಕಾದ ಪಾಠ ಇದು: ಹೊಳೆಯಲ್ಲಿ ಮೀನು ಇದೆಯೇ ಎಂಬುದು ಸಾಕಾಗುವ ಪ್ರಶ್ನೆಯಲ್ಲ, ಯಾವ ಮೀನು ಇದೆ ಎಂಬುದೇ ಪ್ರಶ್ನೆ. ಟನ್ನುಗಳಲ್ಲಿ ಅಳೆದ ಉತ್ಪಾದನೆ ಏರುತ್ತಿರುವಾಗಲೇ ನಾಡಮೀನು ನಿಶ್ಶೇಷವಾಗಬಹುದು.

ಈ ಎಚ್ಚರಿಕೆ ಇನ್ನೂ ತಡವಾಗಿಲ್ಲ. ಕಬಿನಿಯ ಒಂದು ಮೂಲವಾದ ವಯನಾಡಿನ ಪೂಕೋಡ್ ಸರೋವರದ ಒಂದು ಪುಟ್ಟ ಮೀನನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 2007ರಲ್ಲಿ. ಪ್ರವಾಸಿಗರು ದಿನವೂ ದೋಣಿಯಲ್ಲಿ ವಿಹರಿಸುವ ಕೆರೆಯಲ್ಲಿಯೇ ಹೆಸರಿಲ್ಲದ ಜೀವವೊಂದು ಅಷ್ಟು ಕಾಲ ಇತ್ತು. ತೃಶ್ಶಿಲೇರಿಯ, ತಿರುನೆಲ್ಲಿಯ, ಬಾವಲಿಯ ತೋಡುಗಳಲ್ಲಿ ಇನ್ನೆಷ್ಟು ಇರಬಹುದು? ಕೇರಳದ 2010ರ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯಿದೆ ಮರಿ ಮಾಡಲು ಏರುವ ಮೀನನ್ನು ಕಾಪಾಡುವ ಅಧಿಕಾರವನ್ನು ಕೊಟ್ಟಿದೆ. ಆದರೆ ಏರುವ ಮೀನು ಯಾವುದೆಂದು ತಿಳಿದವರಿಲ್ಲದ ಊರಿನಲ್ಲಿ ಕಾಯಿದೆ ಕಾಗದದಲ್ಲಿಯೇ ಉಳಿಯುತ್ತದೆ.

ಆ ತಿಳಿವಳಿಕೆಯನ್ನು ಕಾಪಾಡುವುದು ಗಡಿನಾಡಿನ ಕನ್ನಡ ಶಾಲೆಗೆ ಸಹಜವಾಗಿ ಒಗ್ಗುವ ಕೆಲಸ. ಒಂದೇ ಮೀನಿಗೆ ಕನ್ನಡದಲ್ಲಿ ಒಂದು ಹೆಸರು, ಮಲಯಾಳದಲ್ಲಿ ಒಂದು, ಕುರುಮರ ಮತ್ತು ಅಡಿಯರ ನುಡಿಗಳಲ್ಲಿ ಇನ್ನೊಂದು ಇರುವ ಪ್ರದೇಶ ಇದು. ಅಜ್ಜ ಅಜ್ಜಿಯರಿಂದ ಆ ಹೆಸರುಗಳನ್ನು ಕೇಳಿ, ಮೀನಿನ ಚಿತ್ರ ಬರೆದು, ಕಂಡ ಸ್ಥಳ ಮತ್ತು ತಿಂಗಳನ್ನು ಗುರುತಿಸಿ ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಮನೆಯ ಗಾಜಿನ ತೊಟ್ಟಿಯ ಬಣ್ಣದ ಮೀನನ್ನು ಕರುಣೆಯಿಂದಲೂ ಹೊಳೆಗೆ ಬಿಡಬಾರದೆಂದು ಒಂದು ತರಗತಿ ಕಲಿತರೂ ನದಿಗೆ ಉಪಕಾರವಾಗುತ್ತದೆ. ಶಾಲೆಯ ಎರಡನೆಯ ಶತಮಾನದ ದಾಖಲಾತಿ ಪುಸ್ತಕದ ಪಕ್ಕದಲ್ಲಿ ಹೊಳೆಯ ದಾಖಲಾತಿ ಪುಸ್ತಕವೂ ಒಂದು ಇರಲಿ. ಮುಂದೆ ಈ ನದಿಯ ಚರಿತ್ರೆಯನ್ನು ಬರೆಯಹೊರಡುವವರಿಗೆ ನಮಗೆ ದೊರೆಯದ ಆಧಾರ ಅದರಿಂದ ದೊರೆಯುತ್ತದೆ.