ಅಜ್ಜನ ಕಾಲದ ಕ್ಯಾರವಾನ್ ಕೆಟ್ಟು ನಿಂತ್ರೆ?

ನಮ್ಮೂರ ಕಥೆ, ಭಾಗ 3 🐂

ಕ್ಯಾರವಾನ್ ರೀಲ್ಸ್ ನೋಡಿ 'ನಾವೂ ಒಂದ್ಸಲ ಹೋಗ್ಬೇಕು ಕಣ್ರೋ' ಅಂತೀರಲ್ಲ? ನಮ್ಮ ಕಡೆಗೆ ಅದು ಹಳೇ ವಿಷಯ. ಆಗ ಕೆ.ಆರ್. ನಗರ ತಾಲ್ಲೂಕಲ್ಲಿದ್ದ ಚುಂಚನಕಟ್ಟೆಯ ದನಗಳ ಜಾತ್ರೆಗೆ ಜನ ಗಾಡಿ ಕಟ್ಕೊಂಡು ಹೊರಡ್ತಿದ್ರು. ಗಾಡೀಲೇ ನಿದ್ದೆ, ಕಾವೇರಿ ದಡದಲ್ಲೇ ಅಡುಗೆ.

ದಾರೀಲಿ ಕೆಟ್ರೆ? ಚಕ್ರ ಕಳಚದಂತೆ ಅಚ್ಚಿನ ತುದೀಲಿ ಹಿಡಿಯೋದು ಒಂದು ಚಿಕ್ಕ ಕಡಾಣಿ. ಅದು ಉದುರಿದ್ರೆ ಗಾಡಿ ಮಗುಚಿದಂಗೇ. ಬಿಸಿಲಿಗೆ ಮರ ಕುಗ್ಗಿದ್ರೆ ಚಕ್ರದ ಕಬ್ಬಿಣದ ಪಟ್ಟಿ ಸಡಿಲ. ತಾತ್ಕಾಲಿಕವಾಗಿ ಚಕ್ರಾನ ನೀರಲ್ಲಿ ನೆನೆಸೋರು. ಪೂರ್ತಿ ರಿಪೇರಿಗೆ ಕಮ್ಮಾರನೇ ಬೇಕು: ಪಟ್ಟೀನ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಸುರಿದ್ರೆ ಅದು ಕುಗ್ಗಿ ಮರಾನ ಬಿಗಿಯಾಗಿ ಹಿಡೀತಿತ್ತು.

ಎಚ್.ಡಿ. ಕೋಟೆ ಕಾಡಂಚಲ್ಲಿ ರಾತ್ರಿ ಬೀಡು ಬಿಟ್ರೆ ಹುಲಿ ಭಯ ಬೇರೆ. ಎತ್ತು ಹೋದ್ರೆ ಇಂಜಿನ್ನೇ ಹೋದಂಗೆ!

19ನೇ ಶತಮಾನದ ಹುಣಸೂರಲ್ಲಿ ಅಮೃತಮಹಲ್ ದನಗಳ ಇಲಾಖೆ ಇತ್ತು, ಚರ್ಮ ಹದ ಮಾಡೋ ಕಾರ್ಖಾನೆ ಇತ್ತು. ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋಗೋ ದಾರಿಯೂ ಅದೇ. ಅಲ್ಲಿ ಗಟ್ಟಿಮುಟ್ಟಾದ ಗಾಡಿಗಳು ತಯಾರಾಗ್ತಿದ್ವು.

ಹಳ್ಳೀಲಿ ಬಡಗಿ, ಕಮ್ಮಾರರು ಆಯಗಾರರು. ವರ್ಷಪೂರ್ತಿ ಕೆಲಸ, ಸುಗ್ಗೀಲಿ ಕೂಲಿಯಾಗಿ ಧಾನ್ಯ. ಕೇಳೋಕೆ ಚೆಂದ. ಆದ್ರೆ ಅದು ಜಾತಿಗೆ ಕಟ್ಟಿಬಿದ್ದ ಕಸುಬು. ಮಳೆ ಕೈಕೊಟ್ರೆ ಅವರ ಪಾಲೂ ಕುಗ್ತಿತ್ತು. ಆಮೇಲೆ ಟೈರ್ ಗಾಡಿ ಬಂತು, ಪಟ್ಟಿ ಕಟ್ಟೋ ಕುಲುಮೆ ಆರಿತು.

ನಿಮ್ಮನೆ ಹಿತ್ತಲಲ್ಲಿ ಹಳೇ ಚಕ್ರ ಇದ್ಯಾ? ಫೋಟೋ ಹಾಕಿ. ಗಾಡಿ ಯಾರದ್ದು ಅಂತ ಎಲ್ರೂ ಹೇಳ್ತಾರೆ. ಪಟ್ಟಿ ಕಟ್ಟಿದ್ದು ಯಾರು ಅಂತ ಅಜ್ಜಿನ ಕೇಳಿ, ಆ ಹೆಸರನ್ನೂ ಬರೀರಿ.

#ನಮ್ಮೂರಕಥೆ #ಹುಣಸೂರು #ಎತ್ತಿನಗಾಡಿ